ಸೈಮಿ ಲಾಂಪೆಲಾ ಮತ್ತು ಒಂಬತ್ತು ಸೂಜಿಯ ಕಿಂಡಿ

ಉತ್ತರದ ಕಡಲತೀರದ ಊರಾದ ಕೆಮಿಯಲ್ಲಿ, ಕಾಗದದ ಕಾರ್ಖಾನೆಯವರು ಹಿಂದೆ ಕೆಲಸದವರಿಗಾಗಿ ಕಟ್ಟಿಸಿದ ಹಳದಿ ಕಟ್ಟಡದಲ್ಲಿ, ಸೈಮಿ ಲಾಂಪೆಲಾ ನನ್ನ ತಲೆಯ ಮೇಲಿನ ಮನೆಯಲ್ಲಿದ್ದಳು. ಅವಳು ಮನೆಯಲ್ಲಿದ್ದಾಳೆಂದು ನನಗೆ ಗೊತ್ತಾಗುತ್ತಿದ್ದುದು ಅವಳ ಬ್ರೈಲ್ ಪ್ರಿಂಟರಿನಿಂದ. ದಪ್ಪ ಕಾಗದದ ಮೇಲೆ ಚುಕ್ಕೆ ಕುಟ್ಟುವ ಆ ಯಂತ್ರ ಶುರುವಾಯಿತೆಂದರೆ ನನ್ನ ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಹೊಸದಾಗಿ ಬಂದ ಬಾಡಿಗೆದಾರನೊಬ್ಬ ಒಮ್ಮೆ ಸಿಟ್ಟಿನಿಂದ ಮೇಲೆ ಹೋಗಿ, ಬಾಗಿಲು ಬಡಿದು ಬಡಿದು ಸಾಕಾಗಿ ನನ್ನ ಹತ್ತಿರ ಬಂದ.

"ಮೇಲಿನೋರಿಗೆ ಕಿವಿ ಕೇಳಲ್ವಾ?" ಎಂದ.

"ಇಲ್ಲ," ಎಂದೆ. "ಕಣ್ಣೂ ಕಾಣಲ್ಲ."

ಪಾಪ, ಅವನು ಕೆಂಪಾಗಿ ಹೋದ. ಇಡೀ ಕಟ್ಟಡದಲ್ಲಿ ಆ ಗದ್ದಲದಿಂದ ತೊಂದರೆಯಾಗದವಳು ಸೈಮಿ ಒಬ್ಬಳೇ.

ಕಣ್ಣು ಹೋದದ್ದು ಅವಳು ಚಿಕ್ಕವಳಿದ್ದಾಗ, ಮಿದುಳು ಜ್ವರ ಬಂದು. ಅಷ್ಟರಲ್ಲಿ ಓದಲು ಕಲಿತಿದ್ದಳು. ಹಸುವಿನ ಮುಖ, ಅಮ್ಮನ ನೀಲಿ ಏಪ್ರನ್, ಐಸ್ ಕರಗುವಾಗ ನದಿಗೆ ಬರುವ ಕಪ್ಪು ಬಣ್ಣ, ಇಷ್ಟು ಅವಳಿಗೆ ಕೊನೆಯವರೆಗೂ ನೆನಪಿದ್ದವು. ದಕ್ಷಿಣದ ಕುರುಡರ ಶಾಲೆಗೆ ರೈಲು ಹತ್ತಿಸಿದರು. ಅಲ್ಲಿ ಬ್ರಷ್ ಕಟ್ಟುವುದು, ಪಿಯಾನೊ ಶ್ರುತಿ ಮಾಡುವುದು, ಹೀಗೆ ಏನಾದರೊಂದು ಕಸುಬು ಕಲಿಸುತ್ತಿದ್ದರು. ಸೈಮಿ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಕಲಿತು, ವಾಪಸು ಬಂದು, ಕೆಮಿಯ ಕಾಗದದ ಕಾರ್ಖಾನೆಯಲ್ಲಿ ಕೂತಳು.

ಅಲ್ಲಿ ಅವಳು ರಾಣಿಯ ಹಾಗಿದ್ದಳು. ಎದುರಿನ ಹಲಗೆಯ ತುಂಬ ಕಿಂಡಿಗಳು, ಕೈಯಲ್ಲಿ ವೈರುಗಳು. ಯಾರು ಯಾರೊಡನೆ ಮಾತಾಡಬೇಕಾದರೂ ಅವಳ ಬೆರಳು ದಾಟಿಯೇ ಹೋಗಬೇಕು. ಮ್ಯಾನೇಜರ್ ಕೆಮ್ಮಿದರೆ ಸಾಕು, ಇಂದು ಸಿಟ್ಟಿನಲ್ಲಿದ್ದಾನೋ ಇಲ್ಲವೋ ಹೇಳುತ್ತಿದ್ದಳು. ಹೆಂಡತಿಯರು ಗಂಡನನ್ನು ಹುಡುಕಿ ಫೋನ್ ಮಾಡಿದರೆ, ಅವನು ಬಿಯರಿಗೆ ಹೋಗಿರುವುದು ಗೊತ್ತಿದ್ದೂ "ಲೈನ್ ಬಿಜಿ ಇದೆ ಕಣಮ್ಮ" ಎಂದುಬಿಡುತ್ತಿದ್ದಳು. ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು 'ಎಕ್ಸ್‌ಚೇಂಜ್'.

ಆ ದನಿಗಳಲ್ಲಿ ತೈಸ್ತೊ ಕೆರಾನೆನ್‌ನದೂ ಒಂದು. ಮರದ ದಿಮ್ಮಿಗಳ ಅಂಗಳದಲ್ಲಿ ಕ್ರೇನ್ ಓಡಿಸುತ್ತಿದ್ದ. ಬೆಳಗಿನ ಪಾಳಿ ಶುರುವಾಗುವಾಗ ಕ್ಯಾಬಿನ್ನಿನಿಂದ ಫೋನ್ ಮಾಡುತ್ತಿದ್ದ.

"ಎಕ್ಸ್‌ಚೇಂಜ್, ಹೊರಗೆ ಎಷ್ಟು ಚಳಿ?"

"ಹೊರಗಿರೋನು ನೀನು. ಕಿಟಕಿ ಇಲ್ಲದ ರೂಮಿನಲ್ಲಿರೋಳನ್ನ ಕೇಳ್ತೀಯಲ್ಲ."

"ಕ್ಯಾಬಿನ್ನಿನಲ್ಲಿ ಹೀಟರ್ ಇದೆ ಕಣೆ. ಕೆಳಗೆ ಇಳಿಯೋ ಮೊದಲು ಒಂದು ಮಾತು ವಿಚಾರಿಸ್ಕೋಬೇಡ್ವಾ?"

ಇಷ್ಟೇ. ಆಮೇಲೆ ಫೋರ್‌ಮನ್‌ಗೆ ಲೈನ್ ಕೊಡುತ್ತಿದ್ದಳು. ವರ್ಷಗಟ್ಟಲೆ ಇದೇ ಮಾತು ನಡೆಯಿತು. ಆದರೆ ಕ್ಯಾಂಟೀನಿನಲ್ಲಿ ಎದುರಾದರೆ ತೈಸ್ತೊ ತುಟಿ ಬಿಚ್ಚದೆ ಟ್ರೇ ಹಿಡಿದು ದಾಟಿಹೋಗುತ್ತಿದ್ದ. ಮುಖಾಮುಖಿ ಏನು ಹೇಳುವುದೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಅವನಿಗೆ ಹೆಂಡತಿ ಇದ್ದಳು, ಮಗಳಿದ್ದಳು. ಸೈಮಿಗೆ ಅವನ ಮೇಲೆ ಅಂಥದ್ದೇನೂ ಇರಲಿಲ್ಲವೆಂದು ಅವಳೇ ನನಗೆ ಹೇಳಿದ್ದಾಳೆ, ನಾನು ನಂಬಿದ್ದೇನೆ.

ಐವತ್ತು ದಾಟಿದ ಮೇಲೆ ಸೈಮಿಯ ಕಿವಿ ಮಂದವಾಗತೊಡಗಿತು. ಮೊದಲು ಹೋದದ್ದು ಸಣ್ಣ ದನಿಗಳು: ಹಕ್ಕಿ, ಮಕ್ಕಳು, ಆಫೀಸಿನ ಹುಡುಗಿಯರು. ಗಂಡಸರ ದಪ್ಪ ದನಿ ಇನ್ನೂ ಸ್ವಲ್ಪ ಕಾಲ ಉಳಿದಿತ್ತು. ಅದೇ ಹೊತ್ತಿಗೆ ಕಾರ್ಖಾನೆಗೆ ತಾನೇ ಲೈನ್ ಕೊಡುವ ಯಂತ್ರ ಬಂತು. ಸೈಮಿಗೆ ಹೂವು ಕೊಟ್ಟು, ಕೇಕ್ ಕತ್ತರಿಸಿ, ಮನೆಗೆ ಕಳಿಸಿದರು. ಮುಂದಿನ ಕೆಲವೇ ವರ್ಷಗಳಲ್ಲಿ ಉಳಿದ ದನಿಗಳೂ ಹೋದವು.

ಲ್ಯಾಪ್‌ಟಾಪ್ ಬಂದದ್ದು ಆಗ. ಕಣ್ಣು ಕಿವಿ ಎರಡೂ ಇಲ್ಲದವರ ಸಂಘದಿಂದ ಒಬ್ಬಳು ಬಂದು, ಕೆಲವು ದಿನ ಇಲ್ಲೇ ಉಳಿದು ಕಲಿಸಿದಳು. ದಪ್ಪನೆಯ, ಇಟ್ಟಿಗೆಯಂಥ ಲ್ಯಾಪ್‌ಟಾಪ್. ಮುಂದಿನಿಂದ ನೋಡಿದರೆ ಅದರಲ್ಲಿ ವಿಶೇಷವೇನಿಲ್ಲ. ಸೈಮಿಗೆ ಬೇಕಾದದ್ದೆಲ್ಲ ಅದರ ಬೆನ್ನಿನಲ್ಲಿತ್ತು. ತಿಳಿದವರು ಪೋರ್ಟ್ ಎನ್ನುತ್ತಾರೆ. ಅವಳು ಹಳೆಯ ಅಭ್ಯಾಸದಂತೆ ಕಿಂಡಿ ಎನ್ನುತ್ತಿದ್ದಳು. ಉದ್ದನೆಯ, ಎರಡು ಸಾಲು ತೂತಿನ ಕಿಂಡಿಗೆ ಆ ಗದ್ದಲದ ಪ್ರಿಂಟರ್. ಒಂಬತ್ತು ಸಣ್ಣ ಸೂಜಿ ನಿಂತಿರುವ ಕಿಂಡಿಗೆ ಬ್ರೈಲ್ ಪಟ್ಟಿ: ಮೇಜಿನ ಮೇಲೆ ಮೊಳದುದ್ದಕ್ಕೆ ಮಲಗಿರುವ ಅದರ ಮೇಲೆ, ಪರದೆಯಲ್ಲಿ ಬಂದ ಅಕ್ಷರಗಳು ಚುಕ್ಕೆಗಳಾಗಿ ಏಳುತ್ತವೆ, ಮುಳುಗುತ್ತವೆ. ದುಂಡನೆಯ ಕಿಂಡಿಗೆ ಇನ್ನೊಂದು ಕೀಬೋರ್ಡ್, ಬಂದವರು ಕೂತು ಟೈಪ್ ಮಾಡಲು. ಅವರು ಟೈಪ್ ಮಾಡಿದ್ದನ್ನು ಸೈಮಿ ಬೆರಳಲ್ಲಿ ಓದುತ್ತಾಳೆ, ಬಾಯಲ್ಲಿ ಉತ್ತರ ಹೇಳುತ್ತಾಳೆ.

ಲ್ಯಾಪ್‌ಟಾಪಿನ ಪರದೆ ಯಾವಾಗಲೋ ಸತ್ತುಹೋಗಿತ್ತು. ಅದು ಅವಳಿಗೆ ತಿಳಿದದ್ದು ನಾನು ಹೇಳಿದ ಮೇಲೆ.

"ನಾನು ಏನು ಹೊಡೀತಿದೀನಿ ಅಂತ ನಂಗೇ ಕಾಣ್ತಿಲ್ಲ ಸೈಮಿ," ಎಂದು ಟೈಪ್ ಮಾಡಿದೆ.

"ಹಾಗಾದ್ರೆ ಇವತ್ತು ನಾವಿಬ್ಬರೂ ಸಮ," ಎಂದಳು. ಆಮೇಲೆ ನನ್ನ ತೋರುಬೆರಳು ಹಿಡಿದು ಯಂತ್ರದ ಬೆನ್ನಿನ ಮೇಲೆ ನಡೆಸಿದಳು. "ಇದು ಪ್ರಿಂಟರ್. ಇದು ನಾನು. ಇದು ನೀನು. ಇಲ್ಲಿ ನೋಡು, ಮೂರು ಸಾಲು ತೂತು ಇರೋದು, ಇದಕ್ಕೆ ಬೇರೆ ಪರದೆ ಹಾಕಬಹುದಂತೆ. ನಿಮ್ಮ ಮನೇಲಿ ಹಳೇದು ಇದ್ರೆ ತಗೊಂಡು ಬಾ."

ಮಗ ಬಿಟ್ಟುಹೋದ ಹಳೆಯ ಪರದೆಯನ್ನು ಹೊತ್ತು ತಂದು ಸಿಕ್ಕಿಸಿದೆ. "ಎರಡೂ ಕಡೆ ತಿರುಪು ಬಿಗಿ ಮಾಡು, ಪೂರ್ತಿ ಬಿಗಿ," ಎಂದು ಪಕ್ಕದಲ್ಲೇ ನಿಂತು ಹೇಳಿದಳು. ಎಲ್ಲ ವೈರನ್ನೂ ಹಾಗೆ ತಿರುಪು ಬಿಗಿದು ಭದ್ರ ಮಾಡಿಟ್ಟಿದ್ದಳು. ಎಕ್ಸ್‌ಚೇಂಜಿನಲ್ಲಿ ಸಡಿಲ ವೈರಿನಿಂದ ಎಷ್ಟು ಮಾತು ಕಡಿದುಹೋಗಿದ್ದವೋ.

ಮೊದಮೊದಲು ಜನ ಬರುತ್ತಿದ್ದರು. ಹಳೆಯ ಆಫೀಸಿನವರು, ಚರ್ಚಿನವರು, ಅವಳ ಚಿಕ್ಕಮ್ಮನ ಮಗಳು. ಬೆರಳ ಕೆಳಗೆ ಅಕ್ಷರಗಳು ಬರುವ ವೇಗದಿಂದಲೇ ಯಾರೆಂದು ಸೈಮಿ ಗುರುತಿಸುತ್ತಿದ್ದಳು. ಆದರೆ ಟೈಪ್ ಮಾಡಿ ಮಾತಾಡುವುದು ಎಲ್ಲರಿಗೂ ಒಗ್ಗುವುದಿಲ್ಲ. ಬಾಯಲ್ಲಿ ಆಡಿದ ಮಾತು ಹೊರಟುಹೋಗುತ್ತದೆ. ಟೈಪ್ ಮಾಡಿದ್ದು ಕಣ್ಣೆದುರು ಕೂತಿರುತ್ತದೆ. "ಚೆನ್ನಾಗಿದ್ದೀಯಾ? ನಾವೂ ಚೆನ್ನಾಗಿದ್ದೇವೆ" ಎಂದು ಹೊಡೆದ ಮೇಲೆ ಮುಂದೇನು ಹೊಡೆಯುವುದೆಂದು ತೋಚದೆ ಅವರು ಕಾಫಿ ಕಪ್ಪನ್ನು ನೋಡುತ್ತ ಕೂರುತ್ತಿದ್ದರು. ಒಬ್ಬೊಬ್ಬರಾಗಿ ಬರುವುದು ಕಡಿಮೆಯಾಯಿತು. ಕೊನೆಗೆ ಉಳಿದವರು ನಾನು ಮತ್ತು ಮನೆಗೆಲಸದ ನೆರವಿಗೆ ಬರುವ ರೀಕಾ. ರೀಕಾಳಿಗೆ ಮಾತಾಡುವ ಆಸೆ ಇತ್ತು, ಹೊತ್ತು ಇರಲಿಲ್ಲ. ಮುಂದಿನ ಮನೆಗೆ ಓಡಬೇಕು. ನಾನಾದರೋ ಅಂಚೆ ವಿಂಗಡಣೆಯ ಕೆಲಸ ಮುಗಿಸಿ ಬರುವಷ್ಟರಲ್ಲಿ ಸುಸ್ತಾಗಿರುತ್ತಿದ್ದೆ.

ಒಮ್ಮೆ ಮೆಟ್ಟಿಲು ಗುಡಿಸುವಾಗ ಮೇಲಿಂದ ಅವಳ ದನಿ ಕೇಳಿಸಿತು. "ಯಾರಾದ್ರೂ ಇದ್ದೀರಾ?" ನನ್ನ ಹತ್ತಿರ ಅವಳ ಮನೆಯ ಕೀಲಿ ಇತ್ತು. ಹೋಗಿ ನೋಡಿದರೆ ಯಾರೂ ಇಲ್ಲ. ಸೈಮಿ ಮೇಜಿನ ಮುಂದೆ, ಎರಡೂ ಕೈ ಬ್ರೈಲ್ ಪಟ್ಟಿಯ ಮೇಲಿಟ್ಟು ಕೂತಿದ್ದಾಳೆ. ಯಾರಾದರೂ ಬಂದು ಎದುರು ಕೂತಿದ್ದರೂ ಅವಳಿಗೆ ಗೊತ್ತಾಗುವ ದಾರಿಯಿಲ್ಲವಲ್ಲ. ಅದಕ್ಕೆ ಆಗಾಗ ಹಾಗೆ ಕೇಳಿ, ಪಟ್ಟಿಯ ಮೇಲೆ ಅಕ್ಷರ ಏಳುತ್ತದೆಯೇ ಎಂದು ಕಾಯುತ್ತಿದ್ದಳು. ಬಾಗಿಲಿನ ಗಾಳಿ ಕಾಲಿಗೆ ತಾಗಿ ತಿರುಗಿದಳು. ನಾನು ಕೂತು "ಕೈಸು" ಎಂದು ನನ್ನ ಹೆಸರು ಹೊಡೆದೆ.

"ಎಷ್ಟು ಹೊತ್ತಾಯ್ತು ಬಂದು?"

"ಈಗ ಬಂದೆ."

"ಓ," ಎಂದಳು. ಅಷ್ಟೇ.

ಒಂದು ಚಳಿಗಾಲದ ಆರಂಭದಲ್ಲಿ ಅಂಗಡಿಯಲ್ಲಿ ತೈಸ್ತೊ ಸಿಕ್ಕ. ಹೆಂಡತಿ ತೀರಿಕೊಂಡು ಆಗಲೇ ಕೆಲವು ವರ್ಷ. ಮಗಳು ಸ್ವೀಡನ್ನಿನಲ್ಲಿ. ಮೀನಿನ ಡಬ್ಬಿ, ರೈ ಹಿಟ್ಟಿನ ಬ್ರೆಡ್ಡು ಬುಟ್ಟಿಯಲ್ಲಿಟ್ಟುಕೊಂಡು ನಿಂತಿದ್ದ. ನಾನು ಯಾವ ಕಟ್ಟಡದವಳೆಂದು ಕೇಳಿದವನು, "ಎಕ್ಸ್‌ಚೇಂಜ್ ಅಲ್ಲೇ ಇದ್ದಳಲ್ವಾ? ಇದ್ದಾಳಾ ಇನ್ನೂ?" ಎಂದ.

"ಇದ್ದಾಳೆ. ನನ್ನ ಮೇಲಿನ ಮನೆ. ಬಂದು ಮಾತಾಡ್ಸು."

"ಕಿವಿ ಕೇಳಲ್ಲ ಅಂತಾರೆ."

"ಅದಕ್ಕೆ ದಾರಿ ಇದೆ. ಬೆರಳು ಇದೆ ತಾನೆ ನಿಂಗೆ?"

ಬಂದ. ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಅತಿಥಿಯ ಕೀಬೋರ್ಡಿನ ಮುಂದೆ ಕೂತ. "ಅಕ್ಷರ ಎಲ್ಲಾ ಕಲಸಿ ಹಾಕಿದಾರಲ್ಲ, ಒಂದು ಕ್ರಮ ಬೇಡ್ವಾ?" ಎಂದು ಗೊಣಗಿದ. ಕ್ರೇನಿನ ಗುಂಡಿ ಒತ್ತಿದವನಲ್ಲವೇ, ಒಂದೊಂದು ಅಕ್ಷರವನ್ನೂ ಒತ್ತಿ ಹಿಡಿಯುತ್ತಿದ್ದ. ಪಟ್ಟಿಯ ಮೇಲೆ "ಎಎಎಎಎ" ಎಂದು ಓಡಿತು.

"ಕೈಸು, ಮೇಕೆ ಕರ್ಕೊಂಡು ಬಂದಿದೀಯಾ?" ಎಂದಳು ಸೈಮಿ.

ತೈಸ್ತೊ ಅಳಿಸಲು ಬಾರದೆ ನನ್ನ ಮುಖ ನೋಡಿದ. ಅಳಿಸಿಕೊಟ್ಟೆ. ತುಟಿ ಕಚ್ಚಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಹೊಡೆದ: "ಹೊರಗೆ ಎಷ್ಟು ಚಳಿ."

ಸೈಮಿಯ ಬೆರಳು ಸಾಲಿನ ಕೊನೆಗೆ ಹೋಗಿ ನಿಂತಿತು. ಮತ್ತೆ ಮೊದಲಿಂದ ಓದಿದಳು. ಇನ್ನೊಂದು ಸಲ ಓದಿದಳು.

"ಕೆರಾನೆನ್," ಎಂದಳು. "ಮರದ ಅಂಗಳದ ಕ್ರೇನು."

ತೈಸ್ತೊ ಹೌದೆಂದು ತಲೆಯಾಡಿಸಿದ. ಅದು ಅವಳಿಗೆ ಕಾಣುವುದಿಲ್ಲವೆಂದು ನೆನಪಾಗಿ ಕೀಬೋರ್ಡಿನ ಕಡೆ ಬಗ್ಗಿದ.

ಅಂದಿನಿಂದ ಗುರುವಾರಗಳಂದು ಬರತೊಡಗಿದ. ನಮ್ಮ ಕಡೆ ಗುರುವಾರ ಬಟಾಣಿ ಸೂಪಿನ ದಿನ. ಮನೆಯಲ್ಲಿ ಮಾಡಿದ್ದನ್ನು ಪಾತ್ರೆಯಲ್ಲಿ ತಂದು ಅವಳ ಒಲೆಯ ಮೇಲೆ ಬಿಸಿ ಮಾಡುತ್ತಿದ್ದ. ಉಂಡ ಮೇಲೆ ಟೈಪಿಂಗ್. ನಾನೂ ಕೆಲವೊಮ್ಮೆ ಇರುತ್ತಿದ್ದೆ. ಒಂದು ವಾಕ್ಯಕ್ಕೆ ಅವನು ತೆಗೆದುಕೊಳ್ಳುವ ಹೊತ್ತಿನಲ್ಲಿ ಒಂದು ಕಾಲುಚೀಲದ ಹಿಮ್ಮಡಿ ಹೆಣೆಯಬಹುದಿತ್ತು. ಸೈಮಿ ಅವಸರ ಮಾಡುತ್ತಿರಲಿಲ್ಲ. ಒಂದೊಂದು ಅಕ್ಷರ ಎದ್ದಾಗಲೂ ಮುಂದಿನದನ್ನು ಊಹಿಸಿ, ತಪ್ಪಾದರೆ ನಗುತ್ತಿದ್ದಳು. ಯಾವ ಫೋರ್‌ಮನ್ ಸತ್ತ, ಯಾರು ಯಾರನ್ನು ಬಿಟ್ಟರು, ಕೊಲ್ಲಿಯಲ್ಲಿ ಐಸ್ ಎಷ್ಟು ದಪ್ಪ ಕಟ್ಟಿದೆ, ಇಂಥವೇ ಮಾತು.

ಅನಾಹುತವಾದದ್ದೂ ಒಂದು ಗುರುವಾರವೇ. ಕಾಫಿ ತರಲೆಂದು ತೈಸ್ತೊ ಅರ್ಧ ಮಾತಿಗೇ ಎದ್ದ. ಅವನ ಕಾಲು ಬ್ರೈಲ್ ಪಟ್ಟಿಯ ವೈರಿಗೆ ಸಿಕ್ಕಿಕೊಂಡಿತು. ವೈರು ಸಡಿಲವಾಗಿದ್ದರೆ ಕಳಚಿ ಬರುತ್ತಿತ್ತು. ಎರಡೂ ಕಡೆ ತಿರುಪು ಬಿಗಿದಿದ್ದರಿಂದ ಕಳಚಲಿಲ್ಲ. ಇಡೀ ಲ್ಯಾಪ್‌ಟಾಪನ್ನೇ ಎಳೆದುಕೊಂಡು ನೆಲಕ್ಕೆ ಬಂತು. ಎತ್ತಿ ನೋಡಿದರೆ ಒಂಬತ್ತು ಸೂಜಿಯ ಕಿಂಡಿ ಒಳಗಿನ ಸರ್ಕ್ಯೂಟ್ ಹಲಗೆಯಿಂದ ಕಿತ್ತು, ಕಿತ್ತ ಹಲ್ಲಿನ ಹಾಗೆ ವೈರಿನ ತುದಿಯಲ್ಲಿ ನೇತಾಡುತ್ತಿದೆ.

ಸೈಮಿಗೆ ಏನೂ ಗೊತ್ತಿಲ್ಲ. ಬೆರಳ ಕೆಳಗಿನ ಚುಕ್ಕೆಗಳು ಹಾಗೆಯೇ ಅರ್ಧ ಮಾತಿನಲ್ಲಿ ನಿಂತಿದ್ದವು. "ಯಾಕೆ ನಿಲ್ಲಿಸಿದೆ?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ತೈಸ್ತೊ?" ಎಂದಳು. ಕೈ ಚಾಚಿ ಮೇಜು ತಡವಿದಳು. ಲ್ಯಾಪ್‌ಟಾಪ್ ಇರುವ ಜಾಗ ಖಾಲಿ. ಕೈ ಅಲ್ಲೇ ನಿಂತಿತು.

ಬಿದ್ದದ್ದನ್ನು ಹೇಳಲು ಉಳಿದ ದಾರಿ ಒಂದೇ: ಅವಳ ಅಂಗೈಯ ಮೇಲೆ ಬೆರಳಿನಿಂದ ದೊಡ್ಡ ಅಕ್ಷರ ಬರೆಯುವುದು. ಬಾಲ್ಯದಲ್ಲಿ ಕಲಿತ ಅಕ್ಷರಗಳನ್ನು ಅವಳು ಹಾಗೆ ಓದಬಲ್ಲಳು. ನಿಧಾನ, ಎರಡು ಮೂರು ಪದಕ್ಕಿಂತ ಹೆಚ್ಚು ಸಾಗದು. ನಮ್ಮ ಕಡೆಯ ಗಂಡಸರು ಸೌನಾದ ಬಿಸಿ ಹಬೆಯ ಕೋಣೆಯಲ್ಲಿ ಬರಿಮೈಯಲ್ಲಿ ಒತ್ತೊತ್ತಾಗಿ ಕೂತಾರು. ಇನ್ನೊಬ್ಬರ ಕೈ ಹಿಡಿ ಎಂದರೆ ಬೆವರುತ್ತಾರೆ.

"ನೀನೇ ಬರಿ ಕೈಸು," ಎಂದ ತೈಸ್ತೊ.

"ಬೀಳಿಸಿದ್ದು ನೀನು."

ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅವಳ ಕೈ ಹಿಡಿದ. 'ಬೀಳಿಸಿದೆ' ಎಂದು ಬರೆದ. ಸೈಮಿ ಓದಿದಳು. 'ಸರಿ ಮಾಡಿ ತರ್ತೀನಿ' ಎಂದು ಬರೆದ.

"ಯಾವಾಗ?" ಎಂದಳು.

ತೈಸ್ತೊ ಅವಳ ಬೆರಳುಗಳನ್ನು ಮಡಚಿ ಮುಷ್ಟಿ ಮುಚ್ಚಿದ, ಲ್ಯಾಪ್‌ಟಾಪನ್ನು ಕೋಟಿನೊಳಗೆ ಅವುಚಿಕೊಂಡು ಹೋದ.

ರೀಕಾ ಸಂಘದವರಿಗೆ ವಿಷಯ ತಿಳಿಸಿದ ಮೇಲೆ ಹೊಸ ಲ್ಯಾಪ್‌ಟಾಪ್ ಬೇಗನೆ ಬಂತು. ತೆಳ್ಳಗೆ, ಹಗುರಾಗಿ, ಚೆನ್ನಾಗಿತ್ತು. ಸೈಮಿ ಅದನ್ನು ಕೈಗೆ ತೆಗೆದುಕೊಂಡು ಬೆನ್ನು ಸವರಿದಳು. ನುಣ್ಣಗಿತ್ತು. ಪಕ್ಕ ಸವರಿದಳು, ಅಲ್ಲಿ ಚಪ್ಪಟೆಯಾದ ಎರಡು ಸೀಳು.

"ಇದಕ್ಕೆ ಬಾಯೇ ಇಲ್ವಲ್ಲ," ಎಂದಳು.

ಆ ಸೀಳಿನಿಂದ ಒಂಬತ್ತು ಸೂಜಿಗೆ ಹೋಗುವ ಒಂದು ಜೋಡಣೆಯ ವೈರನ್ನೂ ರೀಕಾ ತಂದಿದ್ದಳು. ಸಿಕ್ಕಿಸಿದೆವು. ಹಳೆಯ ಪಟ್ಟಿಯ ಭಾಷೆ ಹೊಸ ಯಂತ್ರಕ್ಕೆ ತಿಳಿಯಲಿಲ್ಲ. ಚುಕ್ಕೆಗಳು ಅರ್ಥವಿಲ್ಲದೆ ಎದ್ದು ಬಿದ್ದು ನಡುಗಿದವು. ಸೈಮಿ ಕೈ ಹಿಂದಕ್ಕೆ ತೆಗೆದುಕೊಂಡಳು. "ಯಾರೋ ಹಲ್ಲು ಕಡೀತಿರೋ ಹಾಗಿದೆ," ಎಂದಳು.

"ಹೊಸ ಪಟ್ಟಿಗೂ ಬರೆದು ಹಾಕಿದೀನಿ," ಎಂದಳು ರೀಕಾ ನನಗೆ. "ಅದನ್ನ ಮಾಡೋರೇ ಕಡಿಮೆಯಂತೆ. ಬರೋಷ್ಟರಲ್ಲಿ ಬೇಸಿಗೆ ಆಗತ್ತೆ. ಅಲ್ಲೀವರೆಗೆ ಇವರ ಹತ್ತಿರ ಹೇಗೆ ಮಾತಾಡೋದು ಕೈಸು?"

ಅಂಗೈಯ ಮೇಲೆ ಬರೆದೆವು. ಊಟ. ಔಷಧಿ. ಹಿಮ. ನಾಳೆ ಬರ್ತೀನಿ. ಹಗಲು ಮೋಟಾಗಿರುವ ಆ ಕಾಲದಲ್ಲಿ, ಕೆಲಸದಿಂದ ಬಂದು ನಾನು ಅವಳ ಬಾಗಿಲು ತೆರೆದಾಗ ಅವಳು ಕುರ್ಚಿಯಲ್ಲಿ ಹೇಗಿದ್ದಳೋ ಹಾಗೇ ಇರುತ್ತಿದ್ದಳು. ಮೊದಲೆಲ್ಲ ಇಡೀ ದಿನದ ಸುದ್ದಿ ಬಾಯಿಬಿಟ್ಟು ಹೇಳುತ್ತಿದ್ದವಳು ಈಗ ಮಾತು ಕಡಿಮೆ ಮಾಡಿದಳು. ಪ್ರಿಂಟರೂ ಸುಮ್ಮನಾಗಿತ್ತು. ಕೆಳಗೆ ನನ್ನ ಮನೆಯಲ್ಲಿ ಅಷ್ಟೊಂದು ನಿಶ್ಶಬ್ದವನ್ನು ನಾನು ಕೇಳಿರಲಿಲ್ಲ.

ಒಂದು ದಿನ ಅವಳ ಕೂದಲು ಬಾಚುತ್ತಿದ್ದೆ.

"ಕೈಸು, ನನ್ನ ದನಿ ಇನ್ನೂ ಇದೆಯಾ?" ಎಂದಳು.

ಅಂಗೈಯಲ್ಲಿ 'ಇದೆ' ಎಂದು ಬರೆದೆ.

"ಹೇಗಿದೆ?"

ತುಕ್ಕು ಹಿಡಿದ ಬಾಗಿಲಿನ ಹಾಗಿತ್ತು. 'ಮೊದಲಿನ ಹಾಗೇ' ಎಂದು ಬರೆದೆ.

ಅತ್ತ ತೈಸ್ತೊ ಸೂಪ್ ತರುವುದನ್ನೂ ನಿಲ್ಲಿಸಿದ್ದ. ಮುಖ ತೋರಿಸಲು ನಾಚಿಕೆಯಾಗಿರಬೇಕೆಂದುಕೊಂಡು ಒಂದು ಭಾನುವಾರ ಅವನ ಮನೆಗೇ ಹೋದೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಬೆಣ್ಣೆಯ ಡಬ್ಬಿಯ ಮುಚ್ಚಳದಲ್ಲಿ ಸಣ್ಣ ತಿರುಪುಗಳು. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡಿದ್ದ.

"ಒಳ್ಳೇ ಹೊತ್ತಿಗೆ ಬಂದೆ. ದೀಪ ಹಿಡಿ ಇಲ್ಲಿ."

"ನಿಂಗೆ ಇದೆಲ್ಲ ಗೊತ್ತಾ?"

"ದೋಣಿಯ ರೇಡಿಯೊ ಒಂದೆರಡು ಸಲ ಬೆಸುಗೆ ಹಾಕಿದ್ದೆ. ಅದು ಹಸುವಿನ ಹೊಟ್ಟೆ. ಇದು ಇರುವೆಯ ಹೊಟ್ಟೆ ಮಾರಾಯ್ತಿ."

ಬೆಸುಗೆ ಕಡ್ಡಿ ಹಿಡಿದ ಅವನ ಕೈ ನಡುಗಿತು. ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದುಕೊಂಡ. ಆಗಲೂ ನಡುಗಿತು. ಹಲಗೆಯ ಮೇಲೆ ಕಿಂಡಿ ಕೂರಬೇಕಾದ ಕಡೆ ತಾಮ್ರದ ಗೆರೆಗಳೇ ಎದ್ದುಬಂದಿದ್ದವು. ಅಂದು ಒಂದು ಗೆರೆಯನ್ನೂ ಕೂಡಿಸಲಾಗಲಿಲ್ಲ. ಕಡ್ಡಿಯನ್ನು ಕೆಳಗಿಟ್ಟು, "ಇದು ನನ್ನ ಕೈಲಿ ಆಗಲ್ಲ," ಎಂದ.

"ಬೇಸಿಗೆಗೆ ಹೊಸದು ಬರತ್ತಂತೆ, ಬಿಡು."

"ಬೇಸಿಗೆ!" ಎಂದ. ಸಿಟ್ಟು ಬಂದಿತ್ತು ಅವನಿಗೆ. "ನನ್ನ ಹೆಂಡತಿ ಈವಾ ಸತ್ತ ಮೇಲೆ ಈ ಮನೇಲಿ ಒಂದು ಚಳಿಗಾಲ ನಾನು ಯಾರ ಹತ್ರಾನೂ ಮಾತಾಡಲಿಲ್ಲ. ಟಿವಿ ಇತ್ತು, ಕಿಟಕಿ ಇತ್ತು, ಪಕ್ಕದ ಮನೆಯೋನ ನಾಯಿ ಬೊಗಳ್ತಿತ್ತು. ಅಷ್ಟೆಲ್ಲಾ ಇದ್ದೂ ನನಗೆ ತಲೆ ಕೆಟ್ಟಿತ್ತು. ಅವಳಿಗೆ ಏನಿದೆ ಹೇಳು?"

ಮುಂದೆ ಅವನು ಏನು ಮಾಡಿದನೆಂಬುದು ನನಗೆ ಆಮೇಲೆ ತಿಳಿಯಿತು. ಅದೇ ಮಾದರಿಯ ಹಳೆಯ ಲ್ಯಾಪ್‌ಟಾಪ್ ಸಿಕ್ಕರೆ ಅದಕ್ಕೆ ಸೈಮಿಯದರ ಡಿಸ್ಕ್ ಹಾಕಬಹುದೆಂದು ಲೈಬ್ರರಿಯವರು ಹೇಳಿದರಂತೆ. ಹಳೆ ಸಾಮಾನು ಬಿಡುವ ಕಡೆಗೆ ಹೋದ, ಶಾಲೆಯ ಉಗ್ರಾಣಕ್ಕೆ ಹೋದ, ಬಸ್ಸು ಹತ್ತಿ ನದಿಯ ಆಚೆಯ ಊರಿಗೂ ಹೋದ. ಕೊನೆಗೆ ಬಂದರಿನ ಮೀನುಗಾರನೊಬ್ಬನ ಹತ್ತಿರ ಸಿಕ್ಕಿತು. ಅವನು ಅದನ್ನು ದೋಣಿಯಲ್ಲಿ ಕಡಲಿನ ಆಳ ಅಳೆಯುವ ಯಂತ್ರಕ್ಕೆ ಜೋಡಿಸಿಕೊಂಡಿದ್ದ, ಅದೇ ಒಂಬತ್ತು ಸೂಜಿಯ ಕಿಂಡಿಯಲ್ಲಿ. ಅವನಿಗೂ ಬೇಕಾದ್ದೇ. ಸುಮ್ಮನೆ ಕೊಡುತ್ತಾನೆಯೇ? ತೈಸ್ತೊ ತನ್ನ ದೋಣಿಯ ಮೋಟಾರನ್ನು ಬಿಚ್ಚಿ, ಹಿಮದಲ್ಲಿ ಜಾರುವ ಸ್ಲೆಡ್ಜಿನ ಮೇಲೆ ಎಳೆದುಕೊಂಡು ಹೋಗಿ ಅವನಿಗೆ ಕೊಟ್ಟ. ಬೇಸಿಗೆಯಲ್ಲಿ ದ್ವೀಪದ ಕಡೆ ಬಲೆ ಹಾಕಲು ಹೋಗುವುದೊಂದೇ ಅವನಿಗಿದ್ದ ಸಂತೋಷ.

ಮಾರ್ಚಿನಲ್ಲಿ, ಛಾವಣಿಯಿಂದ ನೀರು ತೊಟ್ಟಿಕ್ಕತೊಡಗಿದಾಗ, ಮೀನಿನ ವಾಸನೆಯ ಆ ಲ್ಯಾಪ್‌ಟಾಪನ್ನು ಹಿಡಿದು ಬಂದ. ಮೇಜಿನ ಮೇಲಿಟ್ಟು ವೈರುಗಳನ್ನು ಒಂದೊಂದಾಗಿ ಹಿಡಿದು, ಇದು ಎಲ್ಲಿಗೆ, ಅದು ಎಲ್ಲಿಗೆ ಎಂದು ತಡಕಾಡಿದ. ಮೇಜು ಅಲ್ಲಾಡಿದ್ದು ಸೈಮಿಗೆ ಗೊತ್ತಾಯಿತು. ಕೈ ಚಾಚಿದಳು. ಬೆರಳು ಯಂತ್ರದ ಬೆನ್ನಿಗೆ ತಾಗಿತು. ಉದ್ದನೆಯದು ಇತ್ತು. ದುಂಡನೆಯದು ಇತ್ತು. ಒಂಬತ್ತು ಸೂಜಿಗಳನ್ನು ಉಗುರಿನಿಂದ ಒಂದೊಂದಾಗಿ ಮುಟ್ಟಿದಳು.

"ಸರಿ ಆ ಕಡೆ," ಎಂದು ಅವನನ್ನು ಮೊಣಕೈಯಿಂದ ತಳ್ಳಿದಳು.

ವೈರುಗಳೆಲ್ಲ ಅವಳ ಕೈಗೆ ತಾವೇ ಬಂದಂತೆ ಬಂದವು. ಯಂತ್ರ ಶುರುವಾಗಲು ಬಹಳ ಹೊತ್ತು ಹಿಡಿಯಿತು. ಮೂವರೂ ಕೂತೆವು. ಚುಕ್ಕೆಗಳು ಎದ್ದವು. ಸೈಮಿಯ ಕೈ ಎಡದಿಂದ ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ ಬಂತು. ತೈಸ್ತೊ ಅತಿಥಿಯ ಕೀಬೋರ್ಡಿನ ಮುಂದೆ ಕೂತು, ಬೆವರು ಒರೆಸಿಕೊಂಡು ಹೊಡೆದ: "ಮೀನಿನನನ ವಾಸನೆ ಕ್ಷಮಿಸು."

ಸೈಮಿ ಮೇಜಿಗೆ ಹಣೆ ಹಚ್ಚಿ ನಕ್ಕಳು. ಬಹಳ ಹೊತ್ತು ನಕ್ಕಳು. ಅದು ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ. ತೈಸ್ತೊ ಕಿಟಕಿಯ ಕಡೆ ತಿರುಗಿ ಕೂತ.

ಮೋಟಾರಿನ ವಿಷಯ ಅವನು ಅವಳಿಗೆ ಹೇಳಲೇ ಇಲ್ಲ. ಅವಳಿಗೆ ಹೇಳಬೇಡವೆಂದು ನನಗೂ ತಾಕೀತು ಮಾಡಿದ. ಆ ಬೇಸಿಗೆ ದಡದಿಂದಲೇ ಗಾಳ ಹಾಕಿದ. "ದೋಣಿ ಸೋರ್ತಿದೆ" ಎಂದು ಅವಳಿಗೆ ಟೈಪ್ ಮಾಡಿದ. ಗುರುವಾರಗಳು ಮತ್ತೆ ಶುರುವಾದವು, ಸೂಪೂ ಬಂತು. ಆದರೆ ಸೈಮಿ ಮೊದಲಿನಂತಿರಲಿಲ್ಲ. ಅವನು ಎದ್ದು ಹೋಗುವ ಹೊತ್ತಾದರೆ ಏನಾದರೊಂದು ಪ್ರಶ್ನೆ ತೆಗೆಯುತ್ತಿದ್ದಳು, ಉತ್ತರ ಉದ್ದವಾಗುವಂಥದ್ದು. ಶುಕ್ರವಾರ ಬೆಳಿಗ್ಗೆಯಿಂದಲೇ ಮುಂದಿನ ಗುರುವಾರದ ಮಾತನ್ನು ಕೂಡಿಡುತ್ತಿದ್ದಳು. ಅದನ್ನು ನೋಡಿ ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಗುತ್ತಿತ್ತು. ಬೇಸಿಗೆ ಮುಗಿಯುತ್ತ ಬಂದರೂ ಹೊಸ ಪಟ್ಟಿಯ ಸುದ್ದಿ ಇರಲಿಲ್ಲ.

ಸೆಪ್ಟೆಂಬರಿನಲ್ಲಿ, ಕಾಡುಹಣ್ಣು ಆರಿಸಲು ಹೋದ ತೈಸ್ತೊ ಬುಟ್ಟಿಯ ಪಕ್ಕದಲ್ಲೇ ಕುಸಿದುಬಿದ್ದಿದ್ದ. ಹೃದಯ ನಿಂತುಹೋಗಿತ್ತು. ಬೇರೆ ಹಣ್ಣು ಆರಿಸುವವರು ಕಂಡರು. ಸುದ್ದಿ ನನಗೆ ಅಂಚೆ ಕಚೇರಿಯಲ್ಲೇ ಸಿಕ್ಕಿತು. ಅಂದು ಬುಧವಾರ.

ಮೇಲೆ ಹೋದೆ. ಸೈಮಿ ಬಾಗಿಲಿನ ಗಾಳಿಗೆ ತಿರುಗಿ, ಪಟ್ಟಿಯ ಮೇಲೆ ಕೈಯಿಟ್ಟು ಕಾದಳು. ನಾನು ಕೀಬೋರ್ಡಿನ ಮುಂದೆ ಕೂತೆ. ಬಾಯಲ್ಲಾದರೆ ದನಿಯೇ ಅರ್ಧ ಹೇಳಿಬಿಡುತ್ತದೆ; ಕೇಳುವವರು ಮುಖ ನೋಡಿ ಸಿದ್ಧವಾಗುತ್ತಾರೆ. ಇಲ್ಲಿ ನಾನು ಹೊಡೆದ ಅಕ್ಷರವಷ್ಟೇ ಅವಳ ಬೆರಳಿಗೆ ಹೋಗಿ ತಾಗುತ್ತದೆ.

"ತೈಸ್ತೊ" ಎಂದು ಹೊಡೆದೆ. ಮುಂದಿನ ಅಕ್ಷರಕ್ಕೆ ಬೆರಳು ಏಳಲಿಲ್ಲ.

"ಕೈಸು ತಾನೆ?" ಎಂದಳು. "ಯಾಕಿಷ್ಟು ನಿಧಾನ?"

ಅವಳ ಬೆರಳು ಆ ಹೆಸರಿನ ಮೇಲೆ ಹಿಂದೆ ಮುಂದೆ ಆಡಿತು. ಆಮೇಲೆ ನಿಂತಿತು.

"ಉಳಿದದ್ದು ಹೊಡೀಬೇಡ," ಎಂದಳು.

ನಾನು ಹೊಡೆಯಲಿಲ್ಲ. ಹೆಸರು ಹಾಗೇ ಪಟ್ಟಿಯ ಮೇಲೆ ಎದ್ದು ನಿಂತಿತ್ತು. ಕತ್ತಲಾಗುವವರೆಗೆ ಇಬ್ಬರೂ ಕೂತಿದ್ದೆವು. ಕೊನೆಗೆ ದೀಪ ಹಾಕಬೇಕಾದವಳು ನಾನೊಬ್ಬಳೇ.

ಅಂತ್ಯಸಂಸ್ಕಾರಕ್ಕೆ ಅವಳನ್ನು ಕರೆದುಕೊಂಡು ಹೋದೆ. ಆರ್ಗನ್ ನುಡಿಸುವಾಗ ಮರದ ಬೆಂಚಿನ ಮೇಲೆ ಅಂಗೈ ಒತ್ತಿ ಹಿಡಿದಿದ್ದಳು. ಪಾದ್ರಿ ಹೇಳಿದ್ದರಲ್ಲಿ ಕೆಲವು ಪದ ಅಂಗೈಯಲ್ಲಿ ಬರೆಯಲು ಹೋದೆ. ಬೇಡವೆಂದು ಕೈ ಮುಚ್ಚಿದಳು. ಆಮೇಲೆ ಚರ್ಚಿನ ಪಕ್ಕದ ಹಾಲಿನಲ್ಲಿ ಕಾಫಿ, ಸಾಲ್ಮನ್ ಇಟ್ಟ ಬ್ರೆಡ್ಡು. ಸ್ವೀಡನ್ನಿನಿಂದ ಬಂದ ಮಗಳು ಎಲ್ಲರ ಕೈ ಕುಲುಕುತ್ತ ಬಂದಳು. ಸೈಮಿಯ ಮುಂದೆ ನಿಂತು, ಕೈ ಹಿಡಿದು, "ಬಂದಿದ್ದಕ್ಕೆ ತುಂಬಾ ಥ್ಯಾಂಕ್ಸ್" ಎಂದು ಮೆಲ್ಲಗೆ ಹೇಳಿ, ಉತ್ತರಕ್ಕೆ ಒಂದು ಕ್ಷಣ ಕಾದು, ಮುಂದಿನವರ ಹತ್ತಿರ ಹೋದಳು. ನಾನು ಕಾಫಿ ತರಲು ಹೋಗಿದ್ದವಳು ದೂರದಿಂದಲೇ ಅದನ್ನು ಕಂಡೆ. ಬರುವಷ್ಟರಲ್ಲಿ ಆ ಮಗಳು ಬೇರೆ ಮೇಜಿನಲ್ಲಿದ್ದಳು.

ಟ್ಯಾಕ್ಸಿಯಲ್ಲಿ ಸೈಮಿ ಕೇಳಿದಳು: "ನನ್ನ ಕೈ ಹಿಡಿದೋಳು ಒಬ್ಬಳು ಇದ್ದಳಲ್ಲ, ತಣ್ಣನೆ ಕೈ, ದೊಡ್ಡ ಉಂಗುರ. ಯಾರವಳು?"

'ಮಗಳು' ಎಂದು ಬರೆದೆ.

ಮುಖ ನನ್ನ ಕಡೆ ತಿರುಗಿಸಿದಳು. "ಏನಾದ್ರೂ ಹೇಳಿದ್ಲಾ?"

'ಥ್ಯಾಂಕ್ಸ್' ಎಂದು ಬರೆದೆ. ಇನ್ನೇನಾದರೂ ಸೇರಿಸಲೇ ಎಂದು ಯೋಚಿಸಿದೆ. ಸೇರಿಸಲಿಲ್ಲ. ಸೈಮಿ ಕೈಯನ್ನು ಕೈಗವಸಿನೊಳಗೆ ಹಾಕಿಕೊಂಡು, ಕಿಟಕಿಯ ತಣ್ಣನೆಯ ಗಾಜಿಗೆ ಕೆನ್ನೆಯಿಟ್ಟಳು. ಡ್ರೈವರ್ ಕನ್ನಡಿಯಲ್ಲಿ ನಮ್ಮನ್ನು ನೋಡಿ, ಯಾವ ದಾರಿಯಾಗಿ ಹೋಗಲಿ ಎಂದು ಕೇಳಿದ. ತೈಸ್ತೊ ಗಾಳ ಹಾಕುತ್ತಿದ್ದ ಸಮುದ್ರದ ದಡದ ದಾರಿಯಾಗಿಯೇ ಹೋಗು ಎಂದೆ.